ಜಾಲರಿಯ ಮೇಲಿನ ಮುಖ

ಗಂಗಾವತಿಯ ಹಸನಬೀಯ ಗುಜರಿ ಅಂಗಡಿಯಲ್ಲಿ ಅಮರಮ್ಮ ಮಾತಿಲ್ಲದೆ ಸಾಮಾನು ಬೇರ್ಪಡಿಸುತ್ತಿದ್ದಳು. ತಾಮ್ರ ಒಂದು ಕಡೆ, ತಗಡು ಒಂದು ಕಡೆ, ಸೋಡಾ ಬಾಟಲಿಯ ಮುಚ್ಚಳಗಳು ಇನ್ನೊಂದು ಕಡೆ.

ಬಾಗಿಲ ಬಳಿ, ಮುಂಭಾಗ ಗೋಡೆಗೆ ಮಾಡಿ ಒರಗಿಸಿಟ್ಟಿದ್ದ ತಂತಿ ಜಾಲರಿಯನ್ನೂ ಬಿಡಲಿಲ್ಲ. ಹಿಂದಿನಿಂದ ಇಕ್ಕಳ ಹಾಕಿ ತಂತಿ ಕತ್ತರಿಸಿದಳು. ಮುಂದೆ ಕಟ್ಟಿದ್ದ ಮುಚ್ಚಳ, ತಗಡಿನ ಚೂರೆಲ್ಲ ಝಲ್ಲನೆ ಉದುರಿತು.

"ಅಯ್ಯೋ! ಏನ್ ಮಾಡಿದ್ರಿ ಇದು?"

ಬೆಚ್ಚಿ ತಲೆಯೆತ್ತಿದಳು. ಗಾಳೇಶ!

ಊರ ಗೋಡೆಗಳಿಗೆ ಸ್ಪ್ರೇ ಬಣ್ಣ ಹೊಡೆದು, ಅದರ ಮೇಲೆ ಗುಜರಿ ಕೂರಿಸಿ ಚಿತ್ರ ಮಾಡುವವನು. ಅವನಿಗೆಂದೇ ಬಣ್ಣದ ಮುಚ್ಚಳಗಳನ್ನು ಅವಳು ಗುಟ್ಟಾಗಿ ಎತ್ತಿಡುತ್ತಿದ್ದಳು. ಆದರೆ ಒಂದು ದಿನವೂ ಮಾತಾಡಿರಲಿಲ್ಲ...

"ಗುಜರಿ ಅಂತ... ಬಾಗಿಲಿಗೆ ಇತ್ತಲ್ರಿ..."

"ಅದು ನಿಮ್ಮ ಮುಖ ಇತ್ತು! ನಿಮಗ ಅಂತನ ಮಾಡಿ ಇಲ್ಲಿ ಇಟ್ಟಿದ್ದೆ." ಅವನ ದನಿ ಒಡೆಯಿತು. "ಬ್ಯಾಡಾಗಿದ್ರ ಬ್ಯಾಡ ಅನ್ನಬೇಕಿತ್ತು. ಹಿಂಗ ಬಿಚ್ಚಿ ಹಾಕೋದೇನ್ರಿ?"

ಹಾಗಲ್ಲ... ನನಗೆ ಗೊತ್ತೇ ಆಗಲಿಲ್ಲ! ಎನ್ನಬೇಕೆಂದು ಅವಳು ಏಳುವಷ್ಟರಲ್ಲೇ ಅವನು ಹೊರಟೇಹೋದ.

"ಯಾಕವಾ, ನಾಲಿಗೀನೂ ತಕ್ಕಡಿಗೆ ಹಾಕೀಯೇನು?" ಹಸನಬೀ ಗದರಿದಳು. "ಹೋಗಿಬಿಟ್ಟ ನೋಡು. ಇನ್ನ ಬರಂಗಿಲ್ಲ ಅಂವಾ."

ಬರುವುದಿಲ್ಲವೇ? ಅಮರಮ್ಮನ ಕಣ್ಣು ತುಂಬಿತು.

ಉದುರಿದ್ದನ್ನೆಲ್ಲ ಆರಿಸಿದಳು. ಮತ್ತೆ ಕಟ್ಟಲು ಕುಳಿತಳು. ಆದರೆ ತನ್ನ ಮೂಗು ಹೇಗಿದೆ? ತುಟಿ? ಕಣ್ಣು ಮುಚ್ಚಿದರೆ ಬರುತ್ತಿದ್ದುದು ಒಂದೇ ಮುಖ. ಕೈ ಅದನ್ನೇ ಕಟ್ಟಿತು.

ಮರುದಿನ ಹಸನಬೀ ಆ ಜಾಲರಿಯನ್ನು ರಸ್ತೆಗೆ ಕಾಣುವಂತೆ ತೂಗುಹಾಕಿದಳು. ಬಸ್ ನಿಲ್ದಾಣಕ್ಕೆ ಹೊರಟಿದ್ದ ಗಾಳೇಶ ಅದರ ಮುಂದೆ ನಿಂತುಬಿಟ್ಟ.

"ಇದು ನೀವಲ್ಲಲ್ರಿ..." ಹುಬ್ಬಿನ ಮೇಲಿದ್ದ ಸೈಕಲ್ ಚೈನಿನ ತುಂಡನ್ನು ಮುಟ್ಟಿದ. ಬೆರಳು ತನ್ನ ಹುಬ್ಬಿನ ಹಳೆಯ ಗಾಯದ ಗುರುತಿಗೆ ಹೋಯಿತು. "ಇದು ನಾನು!"

"ಹೂಂ ರಿ."

"ಯಾವಾಗ ನೋಡಿದ್ರಿ ನನ್ನ ಇಷ್ಟು? ನೀವು ತಲಿ ಎತ್ತಿದ್ದ ನಾ ಕಂಡಿಲ್ಲ!"

"ನೀವು ಮುಚ್ಚಳ ಆರಸೂಮುಂದ..." ಅವಳ ಕೆನ್ನೆ ಬಿಸಿಯಾಯಿತು. "ನಂಗ ನನ್ನ ಮುಖ ನೆನಪಾಗ್ಲಿಲ್ರಿ. ನಿಮ್ದ ಬಂತು."

ಒಳಗಿಂದ ಹಸನಬೀ ಕೆಮ್ಮಿದಳು. "ಮಾತು ಬರ್ತದಲ್ಲ ಇಕಿಗೆ!"

ಆ ಮುಖದ ಪಕ್ಕ ಅರ್ಧ ಜಾಲರಿ ಖಾಲಿ ಇತ್ತು. ಅಮರಮ್ಮ ನಿನ್ನೆಯ ಅದೇ ಇಕ್ಕಳವನ್ನು ಅವನ ಅಂಗೈಯಲ್ಲಿಟ್ಟಳು. ಅವನ ಬೆರಳುಗಳು ಅವಳ ಬೆರಳುಗಳ ಮೇಲೆ ಮುಚ್ಚಿಕೊಂಡವು. ಅವಳು ಇನ್ನೊಂದು ಕೈಯಿಂದ ಖಾಲಿ ಜಾಗ ತೋರಿಸಿದಳು.

"ಇಲ್ಲಿ ನನ್ನ ಇನ್ನೊಮ್ಮೆ ಮಾಡ್ರಿ."