ನಲವತ್ತು ರಿವ್ಯೂ, ಒಂದು ಹಲ್ಲು

"ನನ್ನ ಕ್ಲಿನಿಕ್ಕನ್ನ ಮ್ಯಾಪ್‌ನಿಂದ ಅಳಿಸಿ ಹಾಕಿ, ಈಗ ತಮಾಷೆ ನೋಡೋಕೆ ಬಂದಿದ್ದೀರಾ?"

ಡಾ. ಮಾನ್ಯಳ ಕೈಯಲ್ಲಿದ್ದ ಪ್ಲಾಸ್ಟರಿನ ಹಲ್ಲಿನ ಅಚ್ಚು ಹಾರಿತು. ಗೋಡೆಗೆ ಎಸೆಯಬೇಕೆಂದಿದ್ದಳು. ಸಿಟ್ಟಿಗೆ ಗುರಿ ಎಲ್ಲಿಯದು? ಬಾಗಿಲಲ್ಲಿ ನಿಂತಿದ್ದ ಶರಣನ ಬಾಯಿಗೇ ಬಡಿಯಿತು!

ಅಂಗಿಯ ಮೇಲೆ ರಕ್ತ, ನೆಲದ ಮೇಲೆ ರಕ್ತ... ಅದರ ನಡುವೆ ಅವನ ಮುಂದಿನ ಹಲ್ಲು, ಬೇರುಸಮೇತ.

ವಿಶ್ವೇಶ್ವರಪುರಂನ ಆ ಪುಟ್ಟ ಕ್ಲಿನಿಕ್ಕಿಗೆ ಹನ್ನೊಂದು ದಿನದಿಂದ ಹೊಸ ರೋಗಿ ಒಬ್ಬರೂ ಬಂದಿರಲಿಲ್ಲ. ಮೊಬೈಲಿನಲ್ಲಿ 'ಹತ್ತಿರದ ಹಲ್ಲಿನ ಡಾಕ್ಟರು' ಎಂದು ಹುಡುಕಿದರೆ ಪಕ್ಕದ ರಸ್ತೆಯ ಅನಿಲ್ ಕುಮಾರನ ದೊಡ್ಡ ಕ್ಲಿನಿಕ್ಕೇ ಮೊದಲು. ಮಾನ್ಯಳ ಹೆಸರೇ ಇಲ್ಲ! ಹೀಗೇ ಇನ್ನೊಂದು ತಿಂಗಳು ಕಳೆದರೆ ಬಾಗಿಲು ಹಾಕಬೇಕಿತ್ತು. ಅನಿಲ್ ಕುಮಾರನ ಆನ್‌ಲೈನ್ ಕೆಲಸ ನೋಡಿಕೊಳ್ಳುವವನು ಈ ಶರಣ್. ಇನ್ಯಾರು ಅಳಿಸಿಯಾರು?

ಆದರೆ ಹಲ್ಲು ಕಂಡದ್ದೇ ತಡ, ಸಿಟ್ಟು ಇಳಿದುಹೋಯಿತು.

"ಕೂತ್ಕೊಳ್ಳಿ! ಮಾತಾಡ್ಬೇಡಿ!"

ಬೇರನ್ನು ಮುಟ್ಟದೆ ಹಲ್ಲನ್ನೆತ್ತಿ, ತೊಳೆದು, ಇದ್ದ ಜಾಗದಲ್ಲೇ ಒತ್ತಿ ಕೂರಿಸಿ, ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿದಳು. ಅವನು ಅವಳ ಕಣ್ಣನ್ನೇ ನೋಡುತ್ತಿದ್ದ. ಅಯ್ಯೋ, ಒಂದು ಸಲ ಬೈದುಬಿಡಬಾರದೇ!

ಬೈಯುವ ಬದಲು ಅವನು ಮೊಬೈಲಿನಲ್ಲಿ ಬರೆದು ತೋರಿಸಿದ.

'ನಾನು ಅಳಿಸಿಲ್ಲ. ನಿಮ್ಮ ನಲವತ್ತು ರಿವ್ಯೂಗಳಲ್ಲೂ ಒಂದೇ ಮಾತು: ಡಾಕ್ಟರಮ್ಮನ ಕೈಗುಣ ದೊಡ್ಡದು. ಮ್ಯಾಪ್‌ನವರು ಈಗ ನಿಯಮ ಬಿಗಿ ಮಾಡಿದ್ದಾರೆ. ಸುಳ್ಳು ರಿವ್ಯೂ ಅಂತ ನಿಮ್ಮ ಪುಟವನ್ನೇ ತಡೆಹಿಡಿದಿದ್ದಾರೆ. ಅದನ್ನ ಹೇಳೋಕೇ ಬಂದೆ.'

ಮಾನ್ಯ ತಿರುಗಿದಳು. ರಿಸೆಪ್ಷನ್ನಿನ ಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ನಾನೇ ಕಣಮ್ಮಾ... ಬಾಯಿ ಮರಗಟ್ಟಿರೋರು ಏನು ಬರೀತಾರೆ ಅಂತ, ಅವ್ರನ್ನ ಕೇಳಿ, ಫೋನ್ ಇಸ್ಕೊಂಡು ನಾನೇ ಬರೀತಿದ್ದೆ. ಸುಳ್ಳೇನೂ ಬರೀಲಿಲ್ವಲ್ಲ!"

ಅಷ್ಟರಲ್ಲಿ ಒಂದೇ ಒದೆತಕ್ಕೆ ಗಾಜಿನ ಬಾಗಿಲು ಪುಡಿಪುಡಿಯಾಯಿತು. ಅನಿಲ್ ಕುಮಾರ್!

"ನನ್ನ ಹತ್ರ ಸಂಬಳ ತಗೊಂಡು ಇವಳಿಗೆ ಸಹಾಯ ಮಾಡೋಕೆ ಬಂದ್ಯೇನೋ?"

ಶರಣನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಹೊಟ್ಟೆಗೆ, ಪಕ್ಕೆಗೆ, ತಲೆಗೆ... ಏಟಿನ ಮೇಲೆ ಏಟು! ಶರಣ್ ತಲೆ ಕಾಯ್ದುಕೊಳ್ಳಲಿಲ್ಲ. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕುಸಿದ.

ಮಾನ್ಯ ಕಬ್ಬಿಣದ ಸ್ಟೂಲ್ ಎತ್ತಿ ಬೀಸಿದಳು. ಅನಿಲ್ ಕುಮಾರನ ಮೊಣಕೈ ಲಟಕ್ಕೆಂದಿತು.

"ಇನ್ನೊಂದು ಏಟು ಹಾಕಿದ್ರೆ ನಿಮ್ಮ ಹಲ್ಲೂ ನೆಲದ ಮೇಲಿರತ್ತೆ. ನಿಮಗೆ ಮಾತ್ರ ಕೂರಿಸಿಕೊಡಲ್ಲ!"

ಅವನು ಕೈ ಹಿಡಿದುಕೊಂಡು ಓಡಿದ. ಸಿದ್ದಮ್ಮ ಆಗಲೇ ಪೊಲೀಸರಿಗೆ ಫೋನ್ ಮಾಡಿದ್ದರು.

ಮುಂದಿನ ಎರಡು ವಾರ ಸಿದ್ದಮ್ಮ ರೋಗಿಗಳಿಗೆಲ್ಲ ಫೋನ್ ಮಾಡಿ, ತಾವು ಬರೆದ ರಿವ್ಯೂಗಳನ್ನು ತೆಗೆಸಿದರು. ಅನಿಲ್ ಕುಮಾರನ ಕೆಲಸ ಬಿಟ್ಟ ಶರಣ್, ಕ್ಲಿನಿಕ್ಕಿನ ಬೋರ್ಡಿನ ಫೋಟೋ, ಲೈಸೆನ್ಸು ಎಲ್ಲ ಸೇರಿಸಿ ಮನವಿ ಕಳುಹಿಸಿದ. ಅವನ ಹಲ್ಲಿನ ತಂತಿ ಬಿಚ್ಚಿದ ದಿನವೇ ಕ್ಲಿನಿಕ್ ಮ್ಯಾಪ್‌ಗೆ ಮರಳಿತು. ಸಂಜೆಗೆ ಒಂದೇ ಒಂದು ರಿವ್ಯೂ ಬಂತು.

'ಹಲ್ಲು ಬೀಳಿಸಿದ್ದೂ ಇವರೇ, ಕೂರಿಸಿದ್ದೂ ಇವರೇ.' ನಾಲ್ಕು ಸ್ಟಾರ್.

ಎದುರಿಗೇ ಕೂತಿದ್ದ ಶರಣನನ್ನು ನೋಡಿ ಮಾನ್ಯಳಿಗೆ ನಗು ಬಂತು, ಕಣ್ಣೂ ತುಂಬಿತು.

"ಅವತ್ತು ತಲೆ ಬಿಟ್ಟು ಬಾಯಿ ಯಾಕ್ರೀ ಮುಚ್ಕೊಂಡ್ರಿ?"

"ತಲೆ ನಂದು. ಹಲ್ಲು ನೀವು ಕೂರಿಸಿದ್ದು."

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟಳು.

"ಕ್ಷಮಿಸಿ, ಶರಣ್... ದಿನಾ ಇಷ್ಟೇ ಹೇಳೋಣ ಅನ್ಕೊಳ್ತಿದ್ದೆ. ಈಗ ಇನ್ನೊಂದು ಮಾತೂ ಬರ್ತಿದೆ. ನೀವಂದ್ರೆ ನಂಗಿಷ್ಟ."

ಅವನು ಬಾಯಿತುಂಬ ನಕ್ಕ. ಅವಳು ಕೂರಿಸಿದ ಹಲ್ಲು ಎಲ್ಲಕ್ಕಿಂತ ಮುಂದೆ ಕಾಣುತ್ತಿತ್ತು.

"ಮತ್ತೆ ಒಂದು ಸ್ಟಾರ್ ಯಾಕೆ ಕಮ್ಮಿ?"

"ತಿಂಡಿಬೀದಿ ಪಕ್ಕದಲ್ಲೇ ಇದೆ. ಡಾಕ್ಟ್ರು ನಿಪ್ಪಟ್ಟು ಕಚ್ಚಬೇಡಿ ಅಂತಾರೆ!"

"ಬನ್ನಿ, ನಾನು ಚೂರು ಮಾಡಿ ಕೊಡ್ತೀನಿ."

"ಎಷ್ಟು ದಿನ?"

"ನಿಮ್ಮ ಹಲ್ಲೆಲ್ಲ ಉದುರಿದ ಮೇಲೂ..."