ಚಪ್ಪಲಿ ಸಿಗಡಿ ಇನ್ನೂ ಸಿಕ್ಕಿಲ್ಲ

ಅವನು ಅವಳ ಟಾರ್ಚಿನ ಮೇಲೆ ಅಂಗೈ ಇಟ್ಟುಬಿಟ್ಟ!

ಸಮುದ್ರದೊಳಗೆ, ಚಾಚಿಕೊಂಡ ಬಂಡೆಯೊಂದರ ಕೆಳಗೆ ಅವಳು ಬೆಳಕನ್ನು ಸುಮ್ಮನೆ ಮೇಲಕ್ಕೆ ತಿರುಗಿಸಿದ್ದಳಷ್ಟೆ. ಮರುಕ್ಷಣವೇ ಅವನ ಕೈ ಅಡ್ಡ ಬಂತು. ಆಮೇಲೆ ಹೆಬ್ಬೆರಳು ಎತ್ತಿ, ಮೇಲೆ ಹೋಗೋಣ ಎಂದು ಸನ್ನೆ ಮಾಡಿದ.

ದೋಣಿ ಹತ್ತಿದ್ದೇ ತಡ, ಅವಳು ಸಿಡಿದಳು.

"ನನ್ನ ಟಾರ್ಚ್ ಮುಚ್ಚೋಕೆ ನೀವ್ಯಾರ್ರೀ? ಸಿಲಿಂಡರ್‌ನಲ್ಲಿ ಇನ್ನೂ ಅರ್ಧ ಗಾಳಿ ಇತ್ತು!"

"ನೀರು ತಣ್ಣಗಿತ್ತು..."

"ಸಮುದ್ರ ತಣ್ಣಗಿರದೆ ಸ್ನಾನದ ಹಂಡೆ ಥರ ಇರುತ್ತಾ?"

ಅವನು ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದ.

ಅವಳ ಅಕ್ಕ ನಡೆಸುವ ಡೈವಿಂಗ್ ಅಂಗಡಿಯ ಗೈಡ್ ಅವನು. ಎಲ್ಲರೂ ಕರೆಯುವುದು ಮೌನಿ ಅಂತ. ದಡದಲ್ಲಿ ಅವನ ಬಾಯಿ ಬಿಡಿಸುವುದೆಂದರೆ ಹರಸಾಹಸ! ನೀರಿಗಿಳಿದರೆ ಮಾತ್ರ ಕೈ, ಕಣ್ಣು, ಹುಬ್ಬು ಎಲ್ಲವೂ ಮಾತಾಡುತ್ತಿದ್ದವು. ಆ ಕೈಗಳ ಮಾತಿಗೆ ಅವಳು ಯಾವತ್ತೋ ಮರುಳಾಗಿದ್ದಳು. ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಬಂದಿದ್ದು ಒಂದು ಪುಟ್ಟ ಸ್ಲಿಪ್ಪರ್ ಲಾಬ್‌ಸ್ಟರ್ ನೋಡಲು. ಅಕ್ಕನ ಬಾಯಲ್ಲಿ ಅದು ಚಪ್ಪಲಿ ಸಿಗಡಿ. ಕಣ್ಣಾರೆ ನೋಡದೆ ಬರೆಯುವುದಿಲ್ಲ ಎಂಬ ಹಟ ಅವಳದು. ಈ ವಾರ ಚಿತ್ರ ಬರದಿದ್ದರೆ ಆ ಪುಟವನ್ನೇ ತೆಗೆದುಬಿಡುತ್ತೇವೆ ಎಂದು ಪ್ರಕಾಶಕರು ಹೇಳಿಯಾಗಿತ್ತು. ಅದು ಮೌನಿಗೂ ಗೊತ್ತಿತ್ತು.

ಮಧ್ಯಾಹ್ನ ಅಂಗಡಿಯ ಹಿಂದೆ ಅಕ್ಕ ಡೈವಿಂಗ್ ಸೂಟುಗಳನ್ನು ಸಿಹಿನೀರಿನ ತೊಟ್ಟಿಯಲ್ಲಿ ಜಾಲಾಡುತ್ತಿದ್ದಳು.

"ಅಕ್ಕಾ, ನಾಳೆ ನಂಗೆ ಬೇರೆ ಗೈಡ್ ಕೊಡು."

"ಯಾಕೇ? ಪಾಪ, ಅವನೇನು ಮಾಡ್ದ?"

"ಪಾಪ ಅಂತೆ ಪಾಪ! ವಾರವೆಲ್ಲ ಮರಳು ಕೆದಕಿಸಿದಾನೆ. ಮೂಗು ನೆಲಕ್ಕೆ ತಾಗೋ ಹಾಗೆ ಹುಡುಕಿದೀನಿ!"

ಅಕ್ಕನ ಕೈ ನಿಂತಿತು. "ಚಪ್ಪಲಿ ಸಿಗಡಿನ ಮರಳಲ್ಲಿ ಹುಡುಕಿಸಿದ್ನಾ?"

"ಹೂಂ. ಯಾಕೆ?"

"ಅಯ್ಯೋ ಪೆದ್ದಿ! ಈ ಚಿಕ್ಕ ಜಾತಿದು ಹಗಲೆಲ್ಲ ಬಂಡೆ ಸಂದಿಯ ಚಾವಣಿಗೆ ತಲೆಕೆಳಗಾಗಿ ಅಂಟ್ಕೊಂಡಿರುತ್ತೆ. ಬಣ್ಣ ಥೇಟ್ ಬಂಡೆದೇ. ಉದ್ದ ಮೀಸೆನೂ ಇಲ್ಲ. ನೆಟ್ಟಗೆ ಬೆಳಕು ಬಿಟ್ರೆ ಕಲ್ಲು ಅಂದ್ಕೊಂಡು ಮುಂದೆ ಹೋಗ್ತೀಯ. ಪಕ್ಕದಿಂದ ಓರೆಯಾಗಿ ಬಿಡ್ಬೇಕು. ಆಗ ಅಂಚಿನ ನೆರಳು ಕಾಣುತ್ತೆ, ಎರಡು ಕಣ್ಣು ಮಿನುಗುತ್ತೆ. ಇದನ್ನ ನಂಗೆ ಹೇಳ್ಕೊಟ್ಟಿದ್ದೇ ಅವನು ಕಣೇ!"

ಅವಳು ತೊಟ್ಟಿಯ ಅಂಚಿನ ಮೇಲೆ ಕುಳಿತಳು. ಬೆಳಕು ಮೇಲೆ ಹೋದಾಗಲೇ ಅವನ ಕೈ ಅಡ್ಡ ಬಂದಿತ್ತಲ್ಲ... ಹಾಗಾದರೆ ಅದು ಅಲ್ಲೇ ಇತ್ತು!

'ನನ್ನನ್ನು ಆಟ ಆಡಿಸಿದನಾ? ನನ್ನ ಕೆಲಸ ಅವನಿಗೆ ತಮಾಷೆಯಾ?'

ಕಣ್ಣು ತುಂಬಿ ಬಂತು. ಎದ್ದವಳೇ ಸಿಲಿಂಡರ್ ತುಂಬಿಸುವ ಕೋಣೆಗೆ ಹೋದಳು. ಅವಳ ಮುಖ ನೋಡಿ ಅವನು ಗಡಗಡ ಎನ್ನುತ್ತಿದ್ದ ಯಂತ್ರವನ್ನು ಆರಿಸಿದ.

"ಅದು ಎಲ್ಲಿರುತ್ತೆ ಅಂತ ಮೊದಲ ದಿನದಿಂದ ಗೊತ್ತಿತ್ತು. ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ.

"ನನ್ನ ಪುಟ ಹೋಗುತ್ತೆ ಅಂತಾನೂ ಗೊತ್ತಿತ್ತು. ಆದ್ರೂ..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಯಾಕೆ? ಬಾಯಿ ಬಿಟ್ಟು ಹೇಳ್ರೀ! ಇಲ್ಲೇನು ನೀರಿಲ್ಲ."

"ಸಿಕ್ಕಿದ ದಿನಾನೇ ಊರಿಗೆ ಹೊರಡ್ತೀನಿ ಅಂದಿದ್ರಿ..."

"ಅಂದಿದ್ದೆ. ಅದಕ್ಕೆ?"

"ಇನ್ನೊಂದು ದಿನ ಇರ್ಲಿ ಅಂದ್ಕೊಂಡೆ. ಆಮೇಲೆ ಮತ್ತೊಂದು ದಿನ. ಇವತ್ತು ಬೆಳಕು ಮೇಲೆ ಹೋದಾಗ ಎದೆ ಧಸಕ್ ಅಂತು. ಕೈ ಅಡ್ಡ ಇಟ್ಬಿಟ್ಟೆ. ತಪ್ಪು ನಂದು. ನಾಳೆ ಬೆಳಿಗ್ಗೆ ತೋರಿಸ್ತೀನಿ. ಆಮೇಲೆ ನೀವು ನನ್ನ ಮುಖ ನೋಡದಿದ್ರೂ ಸರಿ."

ಅವನು ಇಷ್ಟೊಂದು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ! ಕೋಪ ಇನ್ನೂ ಇತ್ತು. ಆದರೆ ಅದರ ಪಕ್ಕದಲ್ಲೇ ಸಂತೋಷವೂ ಬಂದು ಕೂತಿತ್ತು.

"ಇರಿ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ? ಬಡಪಾಯಿ ಸಿಗಡಿನ ಬಚ್ಚಿಟ್ರಲ್ಲ!"

"ಹೇಳಿದ್ರೆ... ಇರ್ತಿದ್ರಾ?"

"ಮೊದ್ಲು ಸಿಗಡಿ ತೋರಿಸಿ. ಉತ್ತರ ಆಮೇಲೆ."

ಬೆಳಿಗ್ಗೆ ಅದೇ ಬಂಡೆಯ ಕೆಳಗೆ ಅವನು ಅವಳ ಮಣಿಕಟ್ಟು ಹಿಡಿದು ಟಾರ್ಚನ್ನು ಓರೆ ಮಾಡಿದ. ಬರೀ ಕಲ್ಲು... ಮತ್ತೆ ಕಲ್ಲು... ಇನ್ನೊಂದಿಷ್ಟು ಓರೆ. ಕಲ್ಲಿನ ಅಂಚಿಗೊಂದು ತೆಳು ನೆರಳು ಮೂಡಿತು. ಎರಡು ಪುಟ್ಟ ಕಣ್ಣುಗಳು ಮಿನುಗಿದವು. ಅಂಗೈಯೊಳಗೆ ಹಿಡಿಸುವ ಚಪ್ಪಟೆ ಮೈ, ಮೀಸೆಯ ಜಾಗದಲ್ಲಿ ಅಗಲವಾದ ಎರಡು ಬಿಲ್ಲೆ!

ಅವಳು ನೀರೊಳಗೆ ಬರೆಯುವ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆದೇ ಬರೆದಳು. ಅವನು ಬೆಳಕನ್ನು ಅಲುಗಿಸಲಿಲ್ಲ. ಚಿತ್ರ ಮುಗಿದಾಗ ಅದರ ಕೆಳಗೆ ಒಂದು ಸಾಲು ಬರೆದು ತೋರಿಸಿದಳು: 'ಈಗ ಹೇಳಿ.'

ಅವನು ಅವಳ ಕಡೆ ಬೆರಳು ತೋರಿದ. ಅಂಗೈ ಎತ್ತಿ ಹಿಡಿದ. ಡೈವರ್‌ಗಳಲ್ಲಿ ಅದಕ್ಕೆ 'ಅಲ್ಲೇ ನಿಲ್ಲು' ಎಂದರ್ಥ. ಆಮೇಲೆ ಆ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡ.

ಅವಳು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದಳು. ಸರಿ!

ದಡದಲ್ಲಿ ಅಕ್ಕ ಕಾದಿದ್ದಳು. "ಏನೇ, ಸಿಕ್ತಾ?"

ಅವಳು ಹಲಗೆಯನ್ನು ಬೆನ್ನ ಹಿಂದೆ ಸರಿಸಿದಳು. "ಎಲ್ಲಿ ಸಿಕ್ತಕ್ಕಾ! ಇನ್ನೂ ಸ್ವಲ್ಪ ದಿನ ಹುಡುಕ್ಬೇಕು ಅನ್ಸುತ್ತೆ."

ಅಕ್ಕ ಮೌನಿಯ ಕೆಂಪಾಗಿದ್ದ ಕಿವಿಗಳನ್ನು ನೋಡಿದಳು. "ಹುಡುಕು ಹುಡುಕು" ಎಂದು ನಗುತ್ತಾ ಒಳಗೆ ಹೋದಳು.

"ಪುಸ್ತಕದವರಿಗೆ?" ಅವನು ಮೆಲ್ಲಗೆ ಕೇಳಿದ.

"ಚಿತ್ರ ಸಂಜೆನೇ ಕಳಿಸ್ತೀನಿ. ಜೊತೆಗೆ ನಾನೂ ಹೋಗ್ಬೇಕು ಅಂತ ಎಲ್ಲಿದೆ?"

"ಅಕ್ಕನಿಗೆ ಸುಳ್ಳು ಹೇಳಿದ್ರಿ..."

"ಯಾರ ಹತ್ರ ಕಲಿತೆ ಹೇಳಿ?"