ನಾಲ್ಕು ಮೂವತ್ಮೂರಕ್ಕೆ ಅಳಿಸಿದ ಪಂಚಾಂಗ

ಮಂಗಳವಾರ ಸಂಜೆ ಐದರ ಹೊತ್ತಿಗೆ ಮುಂದಿನ ವರ್ಷದ ಪಂಚಾಂಗ ಮಾಯವಾಗಿತ್ತು. ತಿಥಿ, ನಕ್ಷತ್ರ, ಗ್ರಹಣ, ಮದುವೆ ಮುಹೂರ್ತ, ಎಲ್ಲ ಸೇರಿ ನೂರ ಹನ್ನೆರಡು ಪುಟ. ಆರಾಧನಾ ಬಂದು ಕಂಪ್ಯೂಟರ್ ಮುಂದೆ ಕೂತಾಗ ಫೋಲ್ಡರ್ ಬೋಳಾಗಿತ್ತು. ಶುಕ್ರವಾರ ಪ್ರೆಸ್ಸಿಗೆ ಹೋಗಬೇಕಾದ ಕೆಲಸ.

ಮರುದಿನ ಹನ್ನೊಂದಕ್ಕೆ ಸೈಬರ್ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಯಮುನಾ ಚಾಮರಾಜಪೇಟೆಯ ಆ ಹಳೇ ಕಚೇರಿಯ ಮೆಟ್ಟಿಲು ಹತ್ತಿದಳು. ಶ್ರೀರಾಂಪುರದ ಅವಳ ಮನೆಯ ಅಡುಗೆಮನೆಯಲ್ಲಿ ಇದೇ ಪಂಚಾಂಗ ಮೊಳೆಗೆ ತೂಗುತ್ತಿತ್ತು. ಅದನ್ನು ನೋಡದೆ ಅವಳಮ್ಮ ಹಪ್ಪಳವನ್ನೂ ಒಣಗಹಾಕುವವಳಲ್ಲ. ಹಾಗಾಗಿ ಯಮುನಾ ಈ ಕೇಸನ್ನು ಕೇಳಿ ಪಡೆದಿದ್ದಳು. ಕಳ್ಳ ಸಿಗುತ್ತಾನೋ ಇಲ್ಲವೋ ಎಂಬ ಅನುಮಾನ ಅವಳಿಗಿರಲಿಲ್ಲ. ಊಟಕ್ಕೆ ಮುಂಚೆಯೋ ಆಮೇಲೋ ಎಂಬುದಷ್ಟೇ ಪ್ರಶ್ನೆ.

"ಈ ಕ್ಲೌಡ್ ಸರ್ವಿಸ್ ಆರಿಸಿದ್ದು ಯಾರು?" ಎಂದು ಕೇಳಿದಳು.

"ನಾನೇ," ಎಂದಳು ಆರಾಧನಾ. ಇಪ್ಪತ್ತಾರರ ಹುಡುಗಿ, ಮಾಲೀಕ ಬದರೀನಾರಾಯಣರ ಮೊಮ್ಮಗಳು. "ತಾತ ಬಸವನಗುಡಿ ಮನೇಲಿ, ಅವರ ತಮ್ಮನ ಮಗ ಆತ್ರೇಯ ಚಿಕ್ಕಪ್ಪ ಇಲ್ಲಿ, ನಾನು ಎಲ್ಲಿರ್ತೀನೋ ಅಲ್ಲಿ. ಮೂರೂ ಜನ ಒಂದೇ ಫೈಲು ತಿದ್ಬೇಕು. ಮುಂಚೆ ಪೆನ್‌ಡ್ರೈವಲ್ಲಿ ಓಡಾಡ್ತಿತ್ತು. ಒಂದ್ವರ್ಷ ಚಿಕ್ಕಪ್ಪನ ಏಕಾದಶಿ ಒಂದಿನ, ನನ್ನ ಏಕಾದಶಿ ಇನ್ನೊಂದಿನ ಬಂತು. ಅದಕ್ಕೇ ಯಾರು, ಯಾವಾಗ, ಏನು ಬದಲಾಯಿಸಿದ್ರು ಅಂತ ದಾಖಲೆ ಇಡೋ ಸರ್ವಿಸ್ ಹುಡುಕ್ದೆ."

"ಬ್ಯಾಕಪ್?"

"ಅದಕ್ಕೆ ಬೇರೆ ಕಂಪನಿದು. ಇದರಲ್ಲಿ ಒಬ್ರು ಅಳಿಸಿದ್ರೆ ಎಲ್ರ ಹತ್ರಾನೂ ಅಳಿಸಿಹೋಗುತ್ತೆ. ಹಾಗಾಗಿ ಪ್ರತಿ ಭಾನುವಾರ ಒಂದು ಪ್ರತಿ ಇನ್ನೊಂದು ಕಡೆ ಹೋಗಿ ಕೂರುತ್ತೆ. ಅದು ಮನೆಯವರಿಗೆ ಮಾತ್ರ ಗೊತ್ತು. ಆ ಪ್ರತಿ ಸಿಕ್ತು ಮೇಡಂ. ಹೋಗಿರೋದು ಎರಡು ದಿನದ ಕೆಲಸ."

"ಮತ್ಯಾಕೆ ಈ ಮುಖ?"

"ದಾಖಲೇಲಿ ನನ್ನ ಹೆಸರಿದೆ. ನನ್ನ ಕಂಪ್ಯೂಟರ್, ನನ್ನ ಲಾಗಿನ್. ಲಾಕ್ ಮಾಡ್ದೆ ಎದ್ದು ಹೋಗಿದ್ದೆ. ಈ ವರ್ಷ ಮೊದಲ್ನೇ ಪುಟದಲ್ಲಿ 'ಗಣಿತ: ಆರಾಧನಾ' ಅಂತ ಬರ್ಬೇಕಿತ್ತು. ಬೆಳಗ್ಗೆ ತಾತ ಅದನ್ನ ತೆಗೆದ್ರು."

ಯಮುನಾಗೆ ಆ ಹುಡುಗಿಯ ಬಗ್ಗೆ ನಿಜವಾಗಿ ಮರುಕವಾಯಿತು. ಅಪರಾಧಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಶಿಕ್ಷೆ ಕೊಟ್ಟಾಗಿತ್ತು.

ದಾಖಲೆ ನೋಡಿದಳು. ನಾಲ್ಕು ಮೂವತ್ಮೂರಕ್ಕೆ ಫೈಲ್ ಅಳಿಸಲಾಗಿದೆ. ನಾಲ್ಕು ಮೂವತ್ತೈದಕ್ಕೆ, ಅಳಿಸಿದ್ದು ಹೋಗಿ ಬೀಳುವ ಟ್ರ್ಯಾಶ್ ಕೂಡ ಖಾಲಿ ಮಾಡಲಾಗಿದೆ.

"ಟ್ರ್ಯಾಶ್ ವಿಷಯ ಯಾರಿಗೆ ಹೇಳಿದೀರ?"

"ತಾತನಿಗೂ ಹೇಳಿಲ್ಲ."

"ಹೇಳ್ಬೇಡಿ."

* * *

ಕಚೇರಿಗೊಂದು ನಿಯಮವಿತ್ತು. ರಾಹುಕಾಲದಲ್ಲಿ ಯಾರೂ ಕೀಲಿಮಣೆ ಮುಟ್ಟುವಂತಿಲ್ಲ. ನಿನ್ನೆಯೂ ಎಲ್ಲರೂ ಹಿತ್ತಲಿಗೆ ಎದ್ದು ಹೋಗಿದ್ದರು. ಮುಂದಿನ ಕೋಣೆ ಖಾಲಿ. ನಾಲ್ಕೂವರೆಯ ಹೊತ್ತಿಗೆ ಆರಾಧನಾ ಫೋನ್ ಹಿಡಿದು ತಾರಸಿಯಲ್ಲಿದ್ದಳು. ಆತ್ರೇಯ ನಶ್ಯ ತರಲು ಹೋಗಿದ್ದ. ಪ್ರಿಂಟರ್ ರಿಪೇರಿಗೆ ಬಂದಿದ್ದ ಮನೋಹರ್ ಎದುರಿನ ಟೀ ಅಂಗಡಿಯಲ್ಲಿದ್ದನಂತೆ. ಮೂವರ ಮಾತಿಗೂ ಸಾಕ್ಷಿ ಇಲ್ಲ.

"ಕ್ಲೌಡ್ ಬೇಡ ಅಂತ ಜಗಳ ಆಡಿದ್ರಂತೆ?" ಆತ್ರೇಯನನ್ನು ಕೇಳಿದಳು.

"ಆಡಿದ್ದೆ. ಎರಡೆರಡು ಸರ್ವಿಸ್ ಯಾಕೆ ಅಂತಾನೂ ಆಡಿದ್ದೆ."

"ಈಗ ಗಣಿತಕ್ಕೆ ನಿಮ್ಮ ಹೆಸರೇ ಬರುತ್ತಲ್ಲ."

ಆತ್ರೇಯನ ಮುಖ ಕೆಂಪಾಯಿತು. "ಹೀಗೆ ಬರೋದಾದ್ರೆ ನನಗೆ ಬೇಡ," ಎಂದು ಎದ್ದು ಹೋದ. ಅನುಮಾನ ಪಡಲು ಲಾಯಕ್ಕಾದ ಮನುಷ್ಯನೇ. ಯಮುನಾ ಸದ್ಯಕ್ಕೆ ಅವನನ್ನು ಪಕ್ಕಕ್ಕಿಟ್ಟಳು.

ಮನೋಹರ್ ಇವತ್ತೂ ಬಂದು ಪ್ರಿಂಟರ್ ಬಿಚ್ಚಲು ಕೂತಿದ್ದ. ಕಚೇರಿಯಲ್ಲೇ ಫೈಲುಗಳನ್ನಿಡುವ ಒಂದು ಸ್ಟೋರೇಜ್ ಬಾಕ್ಸ್ ಹಾಕಿಸಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಆರು ತಿಂಗಳು ಬೆನ್ನು ಬಿದ್ದಿದ್ದವನು. ಆರಾಧನಾ ಒಪ್ಪಿರಲಿಲ್ಲ.

"ನಾನು ಅವತ್ತೇ ಹೇಳ್ದೆ ಮೇಡಂ," ಎಂದ. "ಕಣ್ಣಿಗೆ ಕಾಣ್ದೇ ಇರೋ ಜಾಗದಲ್ಲಿ ಇಟ್ರೆ ಹೀಗೇ. ಟ್ರ್ಯಾಶಲ್ಲೂ ಉಳಿದಿಲ್ಲ. ಇನ್ನೆಲ್ಲಿಂದ ತರ್ತಾರೆ?"

ಬಾಯಿಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ. ಯಮುನಾ ಸುಮ್ಮನೆ ತಲೆಯಾಡಿಸಿದಳು. ಊಹೆ ಎಂದು ಜಾರಿಕೊಳ್ಳಬಹುದಾದ ಮಾತು, ಇದೊಂದೇ ಸಾಲದು.

ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಮನೋಹರ್ ತೆಗೆದ ಸ್ಕ್ರೂಡ್ರೈವರನ್ನು ಮತ್ತೆ ಚೀಲಕ್ಕೆ ಹಾಕಿದ. "ಬುಧವಾರ, ರಾಹುಕಾಲ ಬಂತು. ಒಂದೂವರೆಗೆ ಶುರು ಮಾಡ್ತೀನಿ," ಎಂದು ಟೀ ಅಂಗಡಿಗೆ ನಡೆದ.

ಯಮುನಾ ಸುತ್ತ ನೋಡಿದಳು. ಇವತ್ತು ಬಸವನಗುಡಿಯಿಂದ ಬಂದಿದ್ದ ಅಜ್ಜ, ಆತ್ರೇಯ, ಆರಾಧನಾ ಮೂವರೂ ಟೈಪು ಮಾಡುತ್ತಲೇ ಇದ್ದರು.

"ನಿಮಗೆ ರಾಹುಕಾಲ ಇಲ್ವಾ?"

ಬದರೀನಾರಾಯಣ ಕನ್ನಡಕದ ಮೇಲಿಂದ ನೋಡಿದರು. ಎಂಬತ್ತರ ಪ್ರಾಯ, ಮಾತು ಕಡಿಮೆ. "ಅದು ಗೋಡೆ ಕ್ಯಾಲೆಂಡರಿನ ರಾಹುಕಾಲ ಕಣಮ್ಮ. ಸೂರ್ಯ ವರ್ಷವಿಡೀ ಆರಕ್ಕೇ ಹುಟ್ತಾನೆ ಅಂತ ಅವರ ಲೆಕ್ಕ. ಇವತ್ತು ಹುಟ್ಟಿದ್ದು ಆರು ನಲವತ್ತೈದಕ್ಕೆ. ಹಗಲನ್ನ ಎಂಟು ಪಾಲು ಮಾಡಿದ್ರೆ ಇವತ್ತಿಂದು ಹನ್ನೆರಡು ಮೂವತ್ತೆರಡಕ್ಕೆ ಶುರು. ಎರಡಕ್ಕೆ ಒಂದು ನಿಮಿಷ ಇರೋವಾಗ ಮುಗಿಯುತ್ತೆ."

"ನಿನ್ನೇದು?"

"ಮೂರು ಇಪ್ಪತ್ತಾರರಿಂದ ನಾಲ್ಕು ಐವತ್ಮೂರು."

"ಕ್ಯಾಲೆಂಡರಲ್ಲಿ?"

"ಮೂರರಿಂದ ನಾಲ್ಕೂವರೆ."

ಯಮುನಾ ಹೊರಗೆ ಹೋಗಿ ಕಾನ್‌ಸ್ಟೇಬಲ್‌ಗೆ ಫೋನ್ ಮಾಡಿದಳು. ಹನ್ನೆರಡು ಮೂವತ್ತೆರಡಕ್ಕೆ ಮನೆಯವರು ಹಿತ್ತಲಿಗೆ ಎದ್ದರು. ಅವಳು ಬಾಗಿಲ ಮರೆಯಲ್ಲಿ ಕುರ್ಚಿ ಹಾಕಿಕೊಂಡಳು. ಒಂದು ಗಂಟೆ ಕಾಲ ಯಾರೂ ಬರಲಿಲ್ಲ. ಸರಿಯಾಗಿ ಒಂದೂವರೆಗೆ ಮನೋಹರ್ ಬಂದು ಸ್ಕ್ರೂಡ್ರೈವರ್ ತೆಗೆದ.

* * *

ಎರಡು ಗಂಟೆಗೆ ಎಲ್ಲರೂ ಕೋಣೆಯಲ್ಲಿದ್ದರು.

"ನಿನ್ನೆ ಮೂರು ಇಪ್ಪತ್ತಾರಕ್ಕೇ ಈ ಕೋಣೆ ಖಾಲಿ ಆಯ್ತು," ಎಂದಳು ಯಮುನಾ. "ಕಂಪ್ಯೂಟರ್ ತೆರೆದೇ ಇತ್ತು. ಅಳಿಸೋನಿಗೆ ಕೈ ತುಂಬ ಸಮಯ. ಆದ್ರೂ ಅವನು ಒಂದು ಗಂಟೆ ಕಾದ. ಯಾಕೆ?"

ಉತ್ತರವನ್ನೂ ಅವಳೇ ಕೊಟ್ಟಳು.

"ಕೆಟ್ಟ ಕೆಲಸಾನೂ ಒಳ್ಳೇ ಹೊತ್ತಲ್ಲಿ ಶುರು ಮಾಡ್ಬೇಕು ಅನ್ನೋ ಭಕ್ತ. ನಾಲ್ಕೂವರೆಗೆ ರಾಹುಕಾಲ ಮುಗೀತು ಅಂತ ಒಳಗೆ ಬಂದ. ಈ ಮನೆಯವರಿಗೆ ಅದು ಇನ್ನೂ ಮುಗಿದಿರ್ಲಿಲ್ಲ. ಆರಾಧನಾ ಆಗ್ಲಿ, ಆತ್ರೇಯ ಆಗ್ಲಿ, ಹೊತ್ತು ನೋಡಿ ಮಾಡೋದಾದ್ರೆ ನಾಲ್ಕು ಐವತ್ಮೂರರ ತನಕ ಕಾಯ್ತಿದ್ರು. ನೋಡ್ದೇ ಮಾಡೋದಾದ್ರೆ ಮೂರೂವರೆಗೇ ಮುಗಿಸ್ತಿದ್ರು. ಅದೂ ಅಲ್ದೆ, ಭಾನುವಾರದ ಪ್ರತಿ ಇದೆ ಅಂತ ಇವರಿಗೆ ಗೊತ್ತು. ಅಳಿಸಿ ಏನು ಸುಖ? ಕ್ಯಾಲೆಂಡರ್ ನಂಬೋರು, ಆ ಪ್ರತಿ ವಿಷಯ ಗೊತ್ತಿಲ್ದೋರು ನಿನ್ನೆ ಇಲ್ಲಿ ಒಬ್ರೇ ಇದ್ರು."

ಮನೋಹರ್ ನಗಲು ನೋಡಿದ. "ರಾಹುಕಾಲ ನೋಡೋದೂ ತಪ್ಪಾ ಮೇಡಂ?"

"ತಪ್ಪಲ್ಲ. ಟ್ರ್ಯಾಶ್ ಖಾಲಿ ಅಂತ ನಿಮಗೆ ಹೇಳಿದ್ಯಾರು? ಈ ಮನೆ ಯಜಮಾನರಿಗೇ ಗೊತ್ತಿರ್ಲಿಲ್ಲ. ಟೀ ಅಂಗಡಿ ಕ್ಯಾಮೆರಾನೂ ನೋಡಿಸಿದೀನಿ. ನಾಲ್ಕು ಮೂವತ್ತೊಂದಕ್ಕೆ ರಸ್ತೆ ದಾಟಿದ್ರಿ, ಮೂವತ್ತೇಳಕ್ಕೆ ವಾಪಸ್ ಬಂದ್ರಿ."

ಮನೋಹರ್ ತಲೆ ತಗ್ಗಿಸಿದ. "ಒಂದ್ಸಲ ಫೈಲು ಹೋದ್ರೆ ಬಾಕ್ಸ್ ಹಾಕಿಸ್ಕೋತಾರೆ ಅಂದ್ಕೊಂಡೆ. ಈ ಹುಡುಗಿ ಬಂದ್ಮೇಲೆ ನನ್ನ ಮಾತಿಗೆ ಬೆಲೇನೇ ಇರ್ಲಿಲ್ಲ." ಕಾನ್‌ಸ್ಟೇಬಲ್ ಅವನ ಚೀಲವನ್ನೂ ಅವನನ್ನೂ ಜೀಪಿಗೆ ಹತ್ತಿಸಿದ.

ಜೀಪು ಹೋದ ಮೇಲೆ ಆತ್ರೇಯನೇ ಕೇಳಿದ. "ದೊಡ್ಡಪ್ಪ, ಶುಕ್ರವಾರ ಪ್ರೆಸ್ಸಿಗೆ ಎಷ್ಟೊತ್ತಿಗೆ ಕೊಡೋದು?"

"ನನ್ನನ್ನೇನು ಕೇಳ್ತೀಯ?" ಎಂದರು ಮುದುಕರು. "ಗಣಿತ ಮಾಡಿದವಳನ್ನ ಕೇಳು."

ಆರಾಧನಾ ಕಣ್ಣೊರೆಸಿಕೊಂಡು ಪೆನ್ಸಿಲ್ ತೆಗೆದುಕೊಂಡಳು. ಎರಡು ನಿಮಿಷ ಗೀಚಿದಳು. "ಹನ್ನೊಂದು ಆರಕ್ಕೆ ರಾಹುಕಾಲ. ಹತ್ತು ಮುಕ್ಕಾಲಿಗೆ ಕೊಡೋಣ ತಾತ. ಹತ್ತೂವರೆಗೇ ರಾಹುಕಾಲ ಶುರು, ಬೇಡ ಅಂತಾರೆ ಕ್ಯಾಲೆಂಡರಿನವರು. ಅನ್ನಲಿ."

ಬದರೀನಾರಾಯಣ ತಮ್ಮ ಕಂಪ್ಯೂಟರ್ ಕಡೆ ತಿರುಗಿದರು. ಒಂದೇ ಬೆರಳಿನಲ್ಲಿ ಏನನ್ನೋ ಒತ್ತತೊಡಗಿದರು. ಕೋಣೆಯ ಈ ತುದಿಯಲ್ಲಿ, ಆರಾಧನಾಳ ಪರದೆಯ ಮೊದಲ ಪುಟದಲ್ಲಿ, ಒಂದೊಂದೇ ಅಕ್ಷರ ಮೂಡಿತು. ಗಣಿತ: ಆರಾಧನಾ.

ಕೆಳಗೆ ದಾಖಲೆಯಲ್ಲಿ ಹೊಸ ಸಾಲೊಂದು ಸೇರಿತ್ತು. ಬದಲಾಯಿಸಿದವರು ಬದರೀನಾರಾಯಣ, ಎರಡು ಇಪ್ಪತ್ತಕ್ಕೆ.